ಪಕ್ಕದ ಸೀಟಿನ ಬೆಲ್ಟು

ಆ ರಾತ್ರಿ ತಟ್ಟಣ್ಣ ಬಾವಿಯ ತಿರುವಿಗೆ ಬರುವಾಗ ಹನ್ನೊಂದು ದಾಟಿತ್ತು. ಬೀದಿಯಲ್ಲಿ ನರಪಿಳ್ಳೆ ಇಲ್ಲ.

ಶೆಡ್ಡುಗಳ ಸಾಲು ಮುಗಿದು ಮನೆಗಳು ಶುರುವಾಗುವ ಜಾಗ ಅದು. ಅಲ್ಲೊಂದು ಹಳೇ ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಸೇದುವವರು ಯಾರೂ ಇಲ್ಲ, ಆದರೆ ತಳದಲ್ಲಿ ನೀರಿದೆ... ಕಲ್ಲು ಬಿಟ್ಟರೆ ಎಣಿಸಿ ನಾಲ್ಕಕ್ಕೆ 'ಗುಳುಂ' ಅನ್ನುತ್ತೆ.

ತಟ್ಟಣ್ಣ ದೆವ್ವ ಗಿವ್ವ ಅಂತ ನಂಬುವ ಆಸಾಮಿಯಲ್ಲ. ಜಲ್ಲಿಕಲ್ಲಿನ ಮೇಲೆ ಅವನ ಬೂಟು 'ಚರಕ್, ಚರಕ್' ಅನ್ನುತ್ತಿತ್ತು. ಅದೊಂದೇ ಸದ್ದು. ಬಾವಿಕಟ್ಟೆ ದಾಟಿ ಹತ್ತು ಹೆಜ್ಜೆ ಇಟ್ಟಿರಬಹುದು...

ಟಿಣ್.

ನಿಂತ. ಸದ್ದೂ ನಿಂತಿತು.

ಮತ್ತೆ ಹೆಜ್ಜೆ ಇಟ್ಟ. ಟಿಣ್... ಟಿಣ್... ಟಿಣ್...

ಸೈಕಲ್ಲಿನ ಬೆಲ್ಲಲ್ಲ. ಫೋನಲ್ಲ. ಯಾರ ಮನೆಯ ಗಡಿಯಾರವೂ ಅಲ್ಲ. ಬೇರೆಯವರಿಗಾದರೆ ಗೊತ್ತಾಗುತ್ತಿರಲಿಲ್ಲವೇನೋ, ತಟ್ಟಣ್ಣನಿಗೆ ಗೊತ್ತಾಯಿತು. ಪಕ್ಕದ ಸೀಟಲ್ಲಿ ಕೂತವರು ಬೆಲ್ಟ್ ಹಾಕಿಕೊಳ್ಳದಿದ್ದರೆ ಕಾರು ಮಾಡುವ ಸದ್ದು ಅದು. ಆದರೆ ರಸ್ತೆಯಲ್ಲಿ ಕಾರೇ ಇರಲಿಲ್ಲ.

ಹಿಂದೆ ತಿರುಗಿ ನೋಡಲಿಲ್ಲ ಅವನು. ಪಿಸುಗುಟ್ಟಿದ.

"ನಾಳೆ ಬರ್ತೀನಮ್ಮಾ... ಖಂಡಿತ ಬರ್ತೀನಿ."

ಸದ್ದು ನಿಂತಿತು.

ಯಾರಿಗೆ ಹೇಳಿದ, ಯಾಕೆ ಹೇಳಿದ... ಅದು ಗೊತ್ತಾಗಬೇಕಾದರೆ ಆವತ್ತಿನ ಸಂಜೆಯಿಂದಲೇ ಹೇಳಬೇಕು.

ತಟ್ಟಣ್ಣ ನಮ್ಮ ದೊಡ್ಡಮ್ಮನ ಮಗ. ಕಂಡದ್ದನ್ನೆಲ್ಲ ತಟ್ಟಿ ನೋಡುವುದರಿಂದ ಆ ಹೆಸರು ಬಂತು. ಬಾಗಿಲು, ಗೋಡೆ, ಕಲ್ಲಂಗಡಿ ಹಣ್ಣು, ಮದುವೆಯಾಗಿ ಬಂದ ದಿನ ಅತ್ತಿಗೆ ತಂದ ಟ್ರಂಕು. ಬೆರಳ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಕೇಳುತ್ತಾನೆ. ಅವನ ಕೆಲಸವೇ ಅದು. ಯಾರಾದರೂ ಹಳೇ ಕಾರು ಕೊಳ್ಳುವ ಮುಂಚೆ ಇವನನ್ನು ಕರೆದುಕೊಂಡು ಹೋಗಿ ತೋರಿಸುತ್ತಾರೆ. ತಗಡು 'ಠಣ್' ಅಂದರೆ ಸರಿ. 'ಡಬ್' ಅಂದರೆ ಒಳಗೆ ಪುಟ್ಟಿ ಮೆತ್ತಿ ಬಣ್ಣ ಹೊಡೆದಿದ್ದಾರೆ ಅಂತ ಅರ್ಥ. "ಬಿಸಿ ಎಂಜಿನ್ ಸುಳ್ಳು ಹೇಳುತ್ತೆ, ತಣ್ಣಗಿರೋದು ನಿಜ ಹೇಳುತ್ತೆ" ಅನ್ನುತ್ತಾನೆ. ಅದಕ್ಕೇ ಅವನು ಬರುವ ಮುಂಚೆ ಯಾರೂ ಗಾಡಿ ಸ್ಟಾರ್ಟ್ ಮಾಡುವ ಹಾಗಿಲ್ಲ. ಉದ್ದನೆ ಸ್ಕ್ರೂಡ್ರೈವರಿನ ತುದಿ ಎಂಜಿನ್ನಿಗೆ, ಹಿಡಿ ಕಿವಿಗೆ ಇಟ್ಟುಕೊಂಡು ಕಣ್ಣು ಮುಚ್ಚಿದನೆಂದರೆ ಮುಗಿಯಿತು, ಮನೆಗೆ ಬೆಂಕಿ ಬಿದ್ದರೂ ಏಳುವವನಲ್ಲ. ಮುಖ ಮರೆಯುತ್ತಾನೆ, ಎಂಜಿನ್ ಮರೆಯುವುದಿಲ್ಲ.

ಅವನ ಹತ್ತಿರ ನೂರಾ ಹನ್ನೊಂದು ಸಾಲಿನ ಒಂದು ಫಾರಂ ಇದೆ. ಒಂದೊಂದೇ ನೋಡುತ್ತಾ ಗುರುತು ಹಾಕುತ್ತಾನೆ. ಕಾರ್ಬನ್ ಇಟ್ಟು ಬರೆದು, ಮೇಲಿನದು ಕೊಳ್ಳುವವರಿಗೆ, ನಕಲು ತನಗೆ. ಎಲ್ಲ ಸರಿ ಇದ್ದರೆ ಕೊನೆಯಲ್ಲಿ 'ಸರಿ ಇದೆ' ಅಂತ ಬರೆದು ಸಹಿ. ಆಮೇಲೆ ಬಾನೆಟ್ ಎತ್ತಿ, ಒಳಗಿನ ಒಂದು ಬೋಲ್ಟಿನ ತಲೆಗೆ ಬಿಳಿ ಬಣ್ಣದ ಒಂದು ಬೊಟ್ಟು ಇಡುತ್ತಾನೆ. ಅಕ್ಕಿಕಾಳಿನಷ್ಟು. ಬೇರೆ ಯಾರಿಗೂ ಕಾಣದು. ತಾನು ಒಪ್ಪಿದ ಗಾಡಿ ಅಂತ ತನಗೇ ಒಂದು ಗುರುತು.

ಇಷ್ಟೆಲ್ಲ ಇದ್ದೂ ಸ್ವಂತ ಕಾರು ಮಾತ್ರ ಮನೆ ಮುಂದೆ ಇಟ್ಟಿಗೆ ಮೇಲೆ ನಿಂತಿರುತ್ತೆ. ಆ ವಾರವೂ ನಿಂತಿತ್ತು. "ಊರಿಗೆಲ್ಲ ವೈದ್ಯ, ಮನೇಲಿ ಕೆಮ್ಮು" ಅಂತ ಅತ್ತಿಗೆ ಹಂಗಿಸುತ್ತಿದ್ದಳು. ಅದಕ್ಕೇ ಆವತ್ತು ಅವನು ನಡೆದು ಬಂದದ್ದು.

ಕರೆದವರು ಹಲ್ಲಿನ ಡಾಕ್ಟರು. ಐವತ್ತು ದಾಟಿದ ದುಂಡನೆಯ ಮನುಷ್ಯ. ಅವರಿಗೆ ಸ್ಪೋರ್ಟ್ಸ್ ಕಾರಿನ ಆಸೆ.

"ಈ ವಯಸ್ಸಲ್ಲಿ ಎರಡೇ ಸೀಟಿನ ಕಾರು ಯಾಕೆ ಡಾಕ್ಟ್ರೇ?" ತಟ್ಟಣ್ಣ ದಾರಿಯಲ್ಲಿ ಕೇಳಿದ.

"ಎರಡು ಸಾಕಲ್ರೀ. ಹೆಂಡತಿ ಸತ್ರೂ ಕೂರಲ್ಲ ಅಂದಿದ್ದಾಳೆ. ಮಗಳು ಕೂರ್ತೀನಿ ಅಂದಿದ್ದಾಳೆ. ದಿನಾ ಕಾಲೇಜಿಗೆ ಬಿಡೋದು ನಾನೇ."

"ಹತ್ತೋದೇನೋ ಹತ್ತುತ್ತೀರಿ. ಇಳಿಯೋದು ಹೇಗೆ? ನೆಲಕ್ಕೆ ಅಂಟಿಕೊಂಡಿರುತ್ತೆ ಅದು."

"ನನ್ನ ಕುರ್ಚೀಲಿ ಬಾಯಿ ಬಿಟ್ಕೊಂಡು ಮಲಗಿದೋರೆಲ್ಲ ಇಳಿದು ಹೋಗಿಲ್ವಾ? ನೀವು ಸುಮ್ನೆ ಅದರ ಹಲ್ಲು ಹಿಡಿದು ನೋಡಿ. ಸ್ವಂತದ್ದೋ, ಕಟ್ಟಿಸಿದ್ದೋ ಹೇಳಿ. ನಾನು ಹೊರಟೆ, ಒಬ್ಬರ ದವಡೆಗೆ ಇಂಜೆಕ್ಷನ್ ಕೊಟ್ಟು ಕೂರಿಸಿ ಬಂದಿದ್ದೀನಿ."

ಶೆಡ್ಡಿನ ಮುಂದೆ ಇವನನ್ನು ಇಳಿಸಿ ಹೋದರು. ಆಗ ಎಂಟೂವರೆ.

ಮಾರುವವನು ಒಬ್ಬ ಕನ್ನಡಕದ ಅಂಗಡಿಯವನು. ಅಂಗಡಿ ಮುಚ್ಚಿ ಬಂದು ಕಾಯುತ್ತಿದ್ದ. ಮೂವತ್ತೈದಿರಬಹುದು, ತಲೆ ಮಾತ್ರ ಪೂರ್ತಿ ನರೆತಿತ್ತು. ಸಾಲಿನ ಕೊನೆಯ ಶೆಡ್ಡು ಅವನದು. ಶಟರು 'ಕರ್ರ್ರ್' ಅಂತ ಮೇಲೆ ಹೋಯಿತು. ಟ್ಯೂಬ್‌ಲೈಟು ಎರಡು ಸಲ ಮಿಟುಕಿ ಹತ್ತಿಕೊಂಡಿತು. ಕಾರಿನ ಮೇಲೆ ಬಿಳಿ ಬಟ್ಟೆ ಹೊದಿಸಿತ್ತು. ಅವನು ಅದನ್ನು ಎಳೆಯಲಿಲ್ಲ... ಮಲಗಿದ ಮಗುವಿನ ಮೇಲಿಂದ ಹೊದಿಕೆ ತೆಗೆಯುವ ಹಾಗೆ ಮೆಲ್ಲಗೆ ಮಡಿಸಿ ಮಡಿಸಿ ತೆಗೆದ.

ಕಡುನೀಲಿ ಕಾರು. ಕುಳ್ಳಗೆ, ಚೂಪಗೆ, ಹಾರಲು ಕೂತ ಮಿಡತೆಯ ಹಾಗೆ.

"ಡಿಕ್ಕಿ ಆಗಿದೆಯಾ?" ತಟ್ಟಣ್ಣ ಮೊದಲು ಕೇಳುವ ಪ್ರಶ್ನೆ ಅದೇ.

"ಆಗಿದೆ. ಎಂಟು ವರ್ಷದ ಹಿಂದೆ. ಮುಚ್ಚಿಡಲ್ಲ, ನೋಡಿ ಬರೀರಿ."

ಹೀಗೆ ನೇರವಾಗಿ ಹೇಳುವವರು ಕಡಿಮೆ. ತಟ್ಟಣ್ಣ ಕೆಲಸ ಶುರು ಮಾಡಿದ. ಬಾಗಿಲು, 'ಠಣ್'. ಹಿಂಭಾಗ, 'ಠಣ್'. ಮುಂದಿನ ಒಂದು ಮಗ್ಗುಲು ಮಾತ್ರ ಬೇರೆ, ಅಲ್ಲಿ ತಗಡೇ ಹೊಸದು, ಆದರೆ ಕೆಲಸ ಅಚ್ಚುಕಟ್ಟು. ಬಾಗಿಲಿನ ರಬ್ಬರು ಉಗುರಿನಿಂದ ಸರಿಸಿ ನೋಡಿದ. ನೀಲಿಯ ಕೆಳಗೆ ಹಳದಿ.

ಹಳದಿ ಸ್ಪೋರ್ಟ್ಸ್ ಕಾರು... ಎಲ್ಲೋ ನೋಡಿದ ಹಾಗಿದೆಯಲ್ಲ.

ಬಾನೆಟ್ ಎತ್ತಿದ. ಟಾರ್ಚ್ ಹಾಕಿದ. ಕೀಲಿನ ಪಕ್ಕದ ಬೋಲ್ಟಿನ ತಲೆಯಲ್ಲಿ... ಅಕ್ಕಿಕಾಳಿನಷ್ಟು ಬಿಳಿ ಬೊಟ್ಟು.

ತನ್ನದೇ.

ಸರಿ, ಹಿಂದೊಮ್ಮೆ ತಾನು ಒಪ್ಪಿದ ಗಾಡಿಯೇ ಇದು. ಅದರಲ್ಲೇನು ವಿಶೇಷ? ಹಾಗಂದುಕೊಂಡು ಸ್ಟೇರಿಂಗಿನ ಮುಂದೆ ಕೂತು ಕೀಲಿ ತಿರುಗಿಸಿದ. ಎಂಜಿನ್ ಒಂದೇ ಏಟಿಗೆ ಎದ್ದಿತು, 'ಗುರ್ರ್...' ಅಂತ ತೃಪ್ತಿಯ ಬೆಕ್ಕಿನ ಹಾಗೆ. ಆಗ,

ಟಿಣ್... ಟಿಣ್... ಟಿಣ್...

ಮುಂದಿನ ಫಲಕದಲ್ಲಿ ಕೆಂಪು ದೀಪ. ಪಕ್ಕದ ಸೀಟಿನವರು ಬೆಲ್ಟ್ ಹಾಕಿಲ್ಲ ಅನ್ನುವ ಚಿತ್ರ. ಪಕ್ಕದ ಸೀಟು ಖಾಲಿ. ಒಂದು ಪತ್ರಿಕೆ ಕೂಡ ಇಟ್ಟಿರಲಿಲ್ಲ.

ಇದು ಹೊಸದೇನಲ್ಲ. ಸೀಟಿನ ಒಳಗೆ ತೂಕ ಗುರುತಿಸುವ ಒಂದು ಸೆನ್ಸರ್ ಇರುತ್ತೆ, ಹಳೆಯದಾದರೆ ಸುಳ್ಳುಸುಳ್ಳೇ ಕೂಗುತ್ತೆ. ತಟ್ಟಣ್ಣ ಬಗ್ಗಿ ಸೀಟಿನ ಕೆಳಗೆ ಟಾರ್ಚ್ ಬಿಟ್ಟ. ವೈರು ನೋಡಿದ.

ವೈರು ಕತ್ತರಿಸಿತ್ತು. ಎರಡು ತುದಿಗೂ ಬೇರೆ ಬೇರೆ ಕಪ್ಪು ಟೇಪು ಸುತ್ತಿತ್ತು. ಟೇಪಿನ ಮೇಲೆ ವರ್ಷಗಳ ಧೂಳು.

ಟಿಣ್... ಟಿಣ್... ಟಿಣ್...

ಹೊರಗೆ ನಿಂತಿದ್ದ ಕನ್ನಡಕದವನು ಒಳಗೆ ಬಗ್ಗಿದ. ಕೈ ಚಾಚಿ ಪಕ್ಕದ ಸೀಟಿನ ಬೆಲ್ಟನ್ನು ಮೆಲ್ಲಗೆ ಎಳೆದು, ಖಾಲಿ ಸೀಟಿನ ಮೇಲಿಂದ ತಂದು ಸಿಕ್ಕಿಸಿದ. 'ಕ್ಲಿಕ್'.

ಸದ್ದು ನಿಂತಿತು.

"ಆ ವೈರು ನಾನೇ ಕತ್ತರಿಸಿದ್ದು," ಅಂದ. "ಆದ್ರೂ ಕೂಗುತ್ತೆ. ಹೀಗೆ ಹಾಕಿದ್ರೆ ಸುಮ್ನಾಗುತ್ತೆ."

ತಟ್ಟಣ್ಣ ಎಂಜಿನ್ ಆರಿಸಿದ. ಕನ್ನಡಕದವನು ಫ್ಲಾಸ್ಕಿನಿಂದ ಎರಡು ಲೋಟಕ್ಕೆ ಟೀ ಬಗ್ಗಿಸಿದ. ಇಬ್ಬರೂ ಹೊಸ್ತಿಲ ಮೇಲೆ ಕೂತರು.

"ನಿಮಗೆ ನನ್ನ ಗುರುತು ಸಿಗಲಿಲ್ಲ ಅಲ್ವಾ ಅಣ್ಣ? ಈ ಕಾರು ತಗೊಳ್ಳುವಾಗ ನಾನು ಕರೆದಿದ್ದು ನಿಮ್ಮನ್ನೇ. ಆಗ ಹಳದಿ ಇತ್ತು. ನೀವು ಸರಿ ಇದೆ ಅಂದಿದ್ದಕ್ಕೆ ಧೈರ್ಯವಾಗಿ ತಗೊಂಡೆ."

ತಟ್ಟಣ್ಣ ಲೋಟ ಕೆಳಗಿಟ್ಟ.

"ನನ್ನ ತಂಗಿ ಇದ್ಲು. ಚಿನ್ನಿ. ಕಾರು ಬಂದ ದಿನದಿಂದ ಆ ಸೀಟು ಅವಳದ್ದೇ. ಸುತ್ತಾಡೋದು ಅಂದ್ರೆ ಪ್ರಾಣ. ಒಂದಿನ ಸಂಜೆ... ದೀಪ ಇಲ್ದೆ ಒಂದು ಲಾರಿ ನಿಂತಿತ್ತು. ದೊಡ್ಡ ಡಿಕ್ಕೀನೂ ಅಲ್ಲ ಅಣ್ಣ. ಏರ್‌ಬ್ಯಾಗ್ ಕೂಡ ಏಳಲಿಲ್ಲ. ನನಗೆ ಹಣೆಗೆ ಒಂದು ಪೆಟ್ಟು, ಅಷ್ಟೆ. ಅವಳು..."

ಲೋಟದಲ್ಲಿ ಉಳಿದ ಟೀಯನ್ನು ನೆಲಕ್ಕೆ ಚೆಲ್ಲಿದ.

"ಬೆಲ್ಟ್ ಹಾಕಿರಲಿಲ್ಲ ಅಂತ ಬರೆದರು. ನನಗೆ ಅರ್ಧ ಪ್ರಜ್ಞೆ, ನೆನಪಿಲ್ಲ. ಹಾಕ್ಕೋ ಅಂತ ಒಂದು ಮಾತು ಹೇಳಿದ್ನಾ, ಇಲ್ವಾ... ಎಂಟು ವರ್ಷದಿಂದ ಅದೊಂದನ್ನೇ ಯೋಚನೆ ಮಾಡ್ತಾ ಇದ್ದೀನಿ. ಕಾರಲ್ಲಿ ಏನೂ ತಪ್ಪಿರಲಿಲ್ಲ ಬಿಡಿ, ನೀವು ಚೆನ್ನಾಗೇ ನೋಡಿದ್ರಿ. ತಪ್ಪು ನಂದು."

"ಈಗ ಯಾಕೆ ಮಾರ್ತಿದ್ದೀರಿ?" ತಟ್ಟಣ್ಣ ಕೇಳಿದ.

"ಶೆಡ್ಡಲ್ಲಿ ಒಬ್ಬಳೇ ಇರ್ತಾಳಲ್ಲ. ಅವಳಿಗೆ ಬೇಜಾರು. ಯಾರಾದ್ರೂ ದಿನಾ ಓಡಿಸೋರು ತಗೊಂಡ್ರೆ..." ಅಂದು ಅವನು ನಾಚಿಕೊಂಡವನ ಹಾಗೆ ನಕ್ಕ. "ಹುಚ್ಚ ಅಂದ್ಕೋಬೇಡಿ."

"ಉಳಿದದ್ದು ನಾಳೆ ನೋಡ್ತೀನಿ," ಅಂತ ತಟ್ಟಣ್ಣ ಎದ್ದ. ಹಾಗೆ ಕೆಲಸ ಅರ್ಧಕ್ಕೆ ಬಿಟ್ಟು ಎದ್ದದ್ದು ಅವನ ಜನ್ಮದಲ್ಲಿ ಅದೇ ಮೊದಲು. ಎಲ್ಲೆಲ್ಲಿ ಎಷ್ಟು ಹೊತ್ತು ಸುತ್ತಿದನೋ ಅವನಿಗೂ ನೆನಪಿಲ್ಲ. ಬಾವಿಯ ಹತ್ತಿರ ಬಂದಾಗ ಹನ್ನೊಂದು ದಾಟಿತ್ತು. ಅಲ್ಲಿ ಆದದ್ದು ಆಗಲೇ ಹೇಳಿದೆನಲ್ಲ.

ಮನೆಗೆ ಬಂದವನು ಊಟ ಬೇಡ ಅಂದ. ಅಟ್ಟದಿಂದ ಹಳೇ ನಕಲು ಪುಸ್ತಕಗಳ ಪೆಟ್ಟಿಗೆ ಇಳಿಸಿ, ನೆಲದ ಮೇಲೆ ಹರಡಿಕೊಂಡು ಕೂತ. ಎದ್ದು ಬಂದ ಅತ್ತಿಗೆ ಬಾಗಿಲಲ್ಲಿ ನಿಂತಳು.

"ಏನ್ರೀ ಇದು, ಹೊತ್ತಲ್ಲದ ಹೊತ್ತಲ್ಲಿ?"

ಅವನು ಪುಸ್ತಕ ಮಗುಚುತ್ತಲೇ ಇದ್ದ. ಹಾಳೆ ಸಿಕ್ಕಿತು. ಹಳದಿ ಕಾರು. ನೂರಾ ಹನ್ನೊಂದು ಗುರುತು. ಎಪ್ಪತ್ತಮೂರನೇ ಸಾಲು: ಓಡಿಸುವವರ ಬೆಲ್ಟು, ಎಳೆದು ನೋಡಿದೆ. ಎಪ್ಪತ್ತನಾಲ್ಕು: ಪಕ್ಕದ ಸೀಟಿನ ಬೆಲ್ಟು, ಎಳೆದು ನೋಡಿದೆ.

ಎಪ್ಪತ್ತಮೂರರ ಗುರುತು ಹಾಳೆಗೆ ಒತ್ತಿ ಮೂಡಿತ್ತು. ಎಪ್ಪತ್ತನಾಲ್ಕರದ್ದು ತೆಳ್ಳಗೆ, ಮುಂದಿನ ಗುರುತಿನ ಜೊತೆ ಒಂದೇ ಗೆರೆಯಲ್ಲಿ ಅಂಟಿಕೊಂಡಿತ್ತು. ಪೆನ್ನಿನ ಓಟದಲ್ಲಿ ಹಾಕಿದ್ದು.

ಆಗ ಎಲ್ಲ ನೆನಪಾಯಿತು. ಮಳೆ ಬರುವ ಹಾಗಿತ್ತು. ಮುಂದಿನ ಗಿರಾಕಿಗೆ ಹೊತ್ತಾಗಿತ್ತು. ಪಕ್ಕದ ಸೀಟಿನ ಮೇಲೆ ಆ ಹುಡುಗನ ಚೀಲ, ಛತ್ರಿ ಎಲ್ಲ ಇತ್ತು. "ಅದನ್ನೇನು ನೋಡ್ತೀರಿ ಅಣ್ಣ, ನಾನೊಬ್ಬನೇ ಓಡಾಡೋದು. ಅಲ್ಲಿ ಕೂರೋರು ಯಾರು?" ಅಂದಿದ್ದ ಕಪ್ಪು ತಲೆಯ ಆ ಹುಡುಗ, ನಗುತ್ತಾ. ಇವನೂ ನಕ್ಕಿದ್ದ. ಗುರುತು ಹಾಕಿದ್ದ.

"ಬೆಲ್ಟ್ ಸರಿಯಾಗೇ ಇದ್ದಿರಬಹುದು," ಅಂದ ಅತ್ತಿಗೆಗೆ, ಎಲ್ಲ ಹೇಳಿ ಮುಗಿಸಿ. "ನೋಡದೇ ಇದ್ದ ಮಾತ್ರಕ್ಕೆ ಕೆಟ್ಟಿತ್ತು ಅಂತಲ್ಲ."

"ಮತ್ತೇನು? ಸುಮ್ನೆ ಮಲಗಿ. ಇಷ್ಟು ವರ್ಷದ ಮೇಲೆ ಕೆದಕಿದ್ರೆ ನಾಳೆಯಿಂದ ನಿಮ್ಮನ್ನ ಯಾರು ಕರೀತಾರೆ?"

ದೀಪ ಆರಿಸಿದರು. ಗೋಡೆಯ ಗಡಿಯಾರ 'ಟಕ್, ಟಕ್' ಅನ್ನುತ್ತಿತ್ತು. ಬಹಳ ಹೊತ್ತಾದ ಮೇಲೆ ಅತ್ತಿಗೆಯ ದನಿ ಕತ್ತಲಲ್ಲಿ ಬಂತು.

"ರೀ... ಆ ಹುಡುಗ ಎಂಟು ವರ್ಷದಲ್ಲಿ ಒಂದು ದಿನವಾದ್ರೂ ನೆಟ್ಟಗೆ ನಿದ್ದೆ ಮಾಡಿರ್ತಾನಾ?"

ಮರುದಿನ ಅದೇ ಹೊತ್ತು. ಅದೇ ಶಟರು. 'ಕರ್ರ್ರ್'.

ತಟ್ಟಣ್ಣ ಈ ಸಲ ಎಲ್ಲೂ ತಟ್ಟಲಿಲ್ಲ. ನೇರ ಹೋಗಿ ಪಕ್ಕದ ಸೀಟಿನ ಬಾಗಿಲು ತೆಗೆದು ಮಂಡಿಯೂರಿದ.

"ರಿಪೇರಿ ಮಾಡಿಸುವಾಗ ಈ ಬೆಲ್ಟ್ ಬದಲಾಯಿಸಿದ್ರಾ?"

"ಇಲ್ಲ. ಆ ಸೀಟನ್ನ ಯಾರಿಗೂ ಮುಟ್ಟೋಕೆ ಬಿಡಲಿಲ್ಲ."

ಬೆಲ್ಟನ್ನು ಮೆಲ್ಲಗೆ ಎಳೆದರೆ ಬರಬೇಕು, ಜಗ್ಗಿದರೆ ಹಿಡಿಯಬೇಕು. ಬೆಲ್ಟಿನ ಧರ್ಮ ಅದು. ಜಗ್ಗಿದಾಗ ಒಳಗಿನ ಸುರುಳಿ 'ಟಕ್' ಅಂತ ಕಚ್ಚಿಕೊಳ್ಳಬೇಕು. ತಟ್ಟಣ್ಣ ಬೆಲ್ಟಿನ ಪಟ್ಟಿ ಹಿಡಿದ. ಕೈ ಬೆವೆತಿತ್ತು. ಪ್ಯಾಂಟಿಗೆ ಒರೆಸಿಕೊಂಡು ಮತ್ತೆ ಹಿಡಿದ. ಟಕ್ ಅನ್ನು... ಒಂದೇ ಒಂದು ಸಲ ಟಕ್ ಅನ್ನು...

ಜಗ್ಗಿದ.

ಸರ್ರ್ರ್...

ಮತ್ತೆ ಜಗ್ಗಿದ. ಸರ್ರ್ರ್... ಎಣ್ಣೆ ಸವರಿದ ಹಗ್ಗದ ಹಾಗೆ ಬಂತು. ಬಂತು, ಬಂತು, ಕೊನೆಯವರೆಗೂ ಬಂತು. ಟಾರ್ಚ್ ಹಿಡಿದು ಪಟ್ಟಿಯನ್ನು ಬೆರಳಿನಿಂದ ಸವರುತ್ತಾ ಹೋದ. ಮಾರುದ್ದಕ್ಕೂ ನೂಲು ಉಜ್ಜಿ ಕರಗಿ ಗಾಜಿನ ಹಾಗೆ ಹೊಳಪಾಗಿತ್ತು. ಕಟ್ಟಕಡೆಯಲ್ಲಿ, ಸುರುಳಿಗೆ ಸೇರುವಲ್ಲಿ, ಹೊಲಿಗೆ ಅರ್ಧ ಕಿತ್ತುಹೋಗಿತ್ತು.

ಅವನು ಮಂಡಿಯ ಮೇಲಿಂದ ಏಳಲೇ ಇಲ್ಲ.

"ಆವತ್ತು ನಿಮ್ಮ ತಂಗೀನ ಹೊರಗೆ ತೆಗೆದಿದ್ದು ಯಾರು?"

"ದಾರೀಲಿ ಹೋಗ್ತಿದ್ದ ಯಾರೋ. ಪೊಲೀಸರು ಬರೋ ಮುಂಚೆನೇ ಎತ್ತಿ ರಸ್ತೆ ಬದಿ ಮಲಗಿಸಿದ್ರಂತೆ. ಯಾಕೆ?"

"ಎತ್ತುವಾಗ ಬೆಲ್ಟ್ ಬಿಚ್ಚಿದ್ದಾರೆ. ಅದು ವಾಪಸ್ ಸುತ್ತಿಕೊಂಡಿದೆ. ಆಮೇಲೆ ಬಂದೋರು ಹಾಕೇ ಇರಲಿಲ್ಲ ಅಂತ ಬರೆದ್ರು. ಇಲ್ಲಿ ನೋಡಿ... ಈ ಪಟ್ಟಿ ಒಂದೇ ಏಟಿಗೆ ಕೊನೇವರೆಗೂ ಓಡಿದೆ. ಖಾಲಿ ಸೀಟಲ್ಲಿ ಬೆಲ್ಟು ಹೀಗೆ ಓಡಲ್ಲ. ಒಳಗೊಂದು ಮೈ ಇರಬೇಕು."

ಕನ್ನಡಕದವನಿಗೆ ಅರ್ಥವಾಗಲಿಲ್ಲ. ಅಥವಾ ಆಯಿತು, ನಂಬಲಾಗಲಿಲ್ಲ.

"ನಿಮ್ಮ ತಂಗಿ ಬೆಲ್ಟ್ ಹಾಕ್ಕೊಂಡಿದ್ರು."

"...ಹಾಕ್ಕೊಂಡಿದ್ಲಾ?"

"ಹಾಕ್ಕೊಂಡಿದ್ರು. ಅದು ಹಿಡೀಲಿಲ್ಲ." ತಟ್ಟಣ್ಣ ಜೇಬಿನಿಂದ ಹಳೇ ನಕಲು ತೆಗೆದು ಬಿಡಿಸಿ, ಎಪ್ಪತ್ತನಾಲ್ಕರ ಮೇಲೆ ಬೆರಳಿಟ್ಟ. "ಹಿಡಿಯುತ್ತಾ ಇಲ್ವಾ ಅಂತ ನೋಡಬೇಕಾಗಿದ್ದು ನಾನು. ಒಂದು ಸಲ ಜಗ್ಗಿದ್ರೆ ಸಾಕಿತ್ತು. ಜಗ್ಗಲಿಲ್ಲ. ಜಗ್ಗಿದೆ ಅಂತ ಗುರುತು ಹಾಕಿದೆ."

ಟ್ಯೂಬ್‌ಲೈಟಿನ 'ಝೀ...' ಒಂದೇ ಕೇಳಿಸುತ್ತಿತ್ತು.

ಕನ್ನಡಕದವನು ಕನ್ನಡಕ ತೆಗೆದ. ಅಂಗಿಯ ಅಂಚಿನಿಂದ ಒರೆಸಿದ. ಹಾಕಿಕೊಂಡ. ಮತ್ತೆ ತೆಗೆದ, ಮತ್ತೆ ಒರೆಸಿದ. ದಿನವಿಡೀ ಬೇರೆಯವರಿಗೆ ಕಾಣುವ ಹಾಗೆ ಮಾಡುವ ಕೈ ಅದು... ಆವತ್ತು ತನ್ನ ಗಾಜನ್ನೇ ಒರೆಸಿ ಮುಗಿಸಲಾಗಲಿಲ್ಲ.

"ಬೈದಿದ್ದೀನಿ ಅಣ್ಣ ಅವಳನ್ನ," ಅಂದ ಕೊನೆಗೆ. "ಸತ್ತವಳನ್ನ. ಇಲ್ಲಿ ಬಂದು ಕೂತು, ವಾರ ವಾರ. ಒಂದು ಬೆಲ್ಟ್ ಹಾಕ್ಕೊಳ್ಳೋಕೆ ಏನಾಗಿತ್ತೇ ನಿಂಗೆ, ಕೈಗೇನು ಬಂದಿತ್ತು ಅಂತ. ಕಿರುಚಿದ್ದೀನಿ. ಪಾಪ, ಅದಕ್ಕೇ ಅವಳು..."

ತಟ್ಟಣ್ಣ ಏನೋ ಹೇಳಲು ಬಾಯಿ ತೆಗೆದ.

"ನೀವು ಈಗ ಹೋಗಿ. ನನ್ನ ಕೈ ಏನು ಮಾಡುತ್ತೋ ನನಗೇ ಗೊತ್ತಿಲ್ಲ."

ತಟ್ಟಣ್ಣ ಹೊರಗೆ ಬಂದ. ಶಟರು ದಾಟಿ ಐದಾರು ಹೆಜ್ಜೆ ಹೋಗಿರಬೇಕು, ಹಿಂದೆ ಕಾರಿನ ಬಾಗಿಲು 'ಧಪ್' ಅಂತು. ಎಂಜಿನ್ ಎದ್ದಿತು. ಟಿಣ್... ಟಿಣ್... ಟಿಣ್... ಆ ಸದ್ದಿನ ಮಧ್ಯೆ ಒಂದು ಗಂಡು ದನಿ, ಪಿಸುಮಾತಿಗಿಂತ ಸಣ್ಣಗೆ.

"ಚಿನ್ನೀ... ತಪ್ಪಾಯ್ತು ಕಣೇ."

'ಕ್ಲಿಕ್' ಕೇಳಿಸಲಿಲ್ಲ. ಬೆಲ್ಟ್ ಯಾರೂ ಹಾಕಲಿಲ್ಲ. ಸದ್ದು ತಾನಾಗೇ ನಿಂತಿತು.

ತಟ್ಟಣ್ಣ ಆ ರಾತ್ರಿಯೇ ಹೊಸ ಫಾರಂ ಪೂರ್ತಿ ಬರೆದ. ಎಪ್ಪತ್ತನಾಲ್ಕನೇ ಸಾಲಿನ ಮುಂದೆ, ಹಳೇ ತಪ್ಪು ಯಾರದು ಅನ್ನುವುದನ್ನೂ ಸೇರಿಸಿ. ಹಲ್ಲಿನ ಡಾಕ್ಟರು ಅದನ್ನು ಎರಡು ಸಲ ಓದಿದರು. ಅವರಿಗೆ ಮೊದಲ ಸಲ ಒಂದು ಜೋಕೂ ಹೊಳೆಯಲಿಲ್ಲ. "ನನ್ನ ಮಗಳು ಕೂರೋ ಸೀಟು ಅದು," ಅಂದರು, ಅಷ್ಟೇ. ಕಾರು ಕೊಳ್ಳಲಿಲ್ಲ. ಸುದ್ದಿ ಹಬ್ಬಿತು. ಅತ್ತಿಗೆ ಹೆದರಿದ ಹಾಗೇ ಕೆಲವು ತಿಂಗಳು ತಟ್ಟಣ್ಣನನ್ನು ಯಾರೂ ಕರೆಯಲಿಲ್ಲ. ಅವನು ಮನೆ ಮುಂದೆ ಕೂತು, ಇಟ್ಟಿಗೆ ಮೇಲಿದ್ದ ತನ್ನ ಹಳೇ ಕಾರನ್ನೇ ಸರಿಮಾಡಿಕೊಂಡ.

ಒಂದು ದಿನ ಕನ್ನಡಕದವನೇ ಬಂದು ಗೇಟಿನ ಹೊರಗೆ ನಿಂತ. ಒಳಗೆ ಬರಲಿಲ್ಲ.

"ಕಾರು ಮಾರಲ್ಲ. ಆ ಬೆಲ್ಟು ಬದಲಾಯಿಸಬೇಕು. ನೀವೇ ಹಾಕಿಕೊಡಿ."

ತಟ್ಟಣ್ಣ ಹೊಸ ಸುರುಳಿ ತಂದು ಹಾಕಿದ. ನಲವತ್ತು ಸಲ ಜಗ್ಗಿದನಂತೆ. ನಲವತ್ತು ಸಲವೂ ಟಕ್. ಕನ್ನಡಕದವನು ಪಕ್ಕದಲ್ಲಿ ನಿಂತು ಎಣಿಸಿದ. ಕ್ಷಮಿಸಿದ್ದೀನಿ ಅಂತ ಹೇಳಲಿಲ್ಲ. ಹೋಗುವಾಗ ಇಷ್ಟೇ ಅಂದ.

"ಆವತ್ತಿನಿಂದ ಅದು ಒಂದು ಸಲವೂ ಕೂಗಿಲ್ಲ ಅಣ್ಣ. ಶೆಡ್ಡು ಖಾಲಿ ಅನ್ಸುತ್ತೆ. ಎಲ್ಲಿಗೆ ಹೋದ್ಲೋ."

ಎಲ್ಲಿಗೆ ಅಂತ ನಮ್ಮ ಮನೆಯವರಿಗೆ ಗೊತ್ತು. ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಅಷ್ಟೇ.

ಈಗ ತಟ್ಟಣ್ಣನಿಗೆ ಮತ್ತೆ ಕೆಲಸ ಇದೆ. ಮೊದಲಿಗಿಂತ ಜಾಸ್ತಿಯೇ ಇದೆ. ಯಾವ ಗಾಡಿ ಕಂಡರೂ ಮೊದಲು ಬೆಲ್ಟು ಜಗ್ಗುತ್ತಾನೆ, ಆಮೇಲೆ ತಟ್ಟುವುದು. ದಿನವಿಡೀ ತನ್ನ ಹಳೇ ಕಾರಲ್ಲೇ ಅಲ್ಲಿಂದಿಲ್ಲಿಗೆ ಓಡಾಡುತ್ತಾನೆ. ಆ ಕಾರಲ್ಲಿ ಅತ್ತಿಗೆಯಾದಿಯಾಗಿ ನಾವೆಲ್ಲ ಹಿಂದೆ ಕೂರುತ್ತೇವೆ. ಮುಂದಿನ ಸೀಟು ಖಾಲಿ ಇದ್ದರೂ.

ಹೋದ ತಿಂಗಳು ರಾತ್ರಿ ನನ್ನನ್ನು ಮನೆಗೆ ಬಿಡಲು ಅವನೇ ಬಂದಿದ್ದ. ನಾನೊಬ್ಬಳೇ, ಹಿಂದಿನ ಸೀಟಲ್ಲಿ. ಬಾವಿಯ ತಿರುವಿನ ಹತ್ತಿರ ಬಂದಾಗ... ಟಿಣ್... ಟಿಣ್... ಆ ಕಾರು ಎಷ್ಟು ಹಳೆಯದೆಂದರೆ ಹಾಗೆ ಕೂಗುವ ಯಂತ್ರವನ್ನೇ ಅದರಲ್ಲಿ ಇಟ್ಟಿಲ್ಲ. ತಟ್ಟಣ್ಣ ಒಂದು ಕೈ ಚಾಚಿ, ಖಾಲಿ ಸೀಟಿನ ಬೆಲ್ಟು ಎಳೆದು ಸಿಕ್ಕಿಸಿದ. ಸದ್ದು ನಿಂತಿತು.

ಅಷ್ಟರಲ್ಲಿ ಕತ್ತಲಿಂದ ಒಂದು ನಾಯಿ ಅಡ್ಡ ಬಂತು. ಅವನು ಬ್ರೇಕ್ ಒತ್ತಿದ, ಜೋರಾಗಿ. ನಾನು ಮುಂದಿನ ಸೀಟಿಗೆ ಬಡಿದೆ. ಆಗ ಕೇಳಿಸಿತು.

ಟಕ್.

ನಾಯಿ ದಾಟಿ ಹೋಯಿತು. ಕಾರು ನಿಂತೇ ಇತ್ತು. ತಟ್ಟಣ್ಣ ಪಕ್ಕಕ್ಕೆ ನೋಡಿದ. ಯಾರಿಗೋ ಹೇಳುವ ಹಾಗೆ, ತೀರಾ ಮೆಲ್ಲಗೆ, "ಸರಿ ಇದೆ" ಅಂದ.

ನೀವು ನಂಬಿ, ಬಿಡಿ. ನಾನು ಆ ಕಾರಲ್ಲೇ ಇದ್ದೆ, ಬೀದಿದೀಪವೂ ಇತ್ತು. ಹಿಂದಿನಿಂದ ಕತ್ತು ಚಾಚಿ ಕಣ್ಣಾರೆ ನೋಡಿದ್ದೀನಿ. ಸೀಟು ಖಾಲಿ. ಬೆಲ್ಟು ಮಾತ್ರ ಸೀಟಿಗೆ ಒರಗಿರಲಿಲ್ಲ... ಒಂದು ಗೇಣು ಮುಂದೆ, ಬಿಗಿಯಾಗಿ ನಿಂತಿತ್ತು.